ಹಗೇವಿನೊಳಗಿಂದ ಓಗೊಟ್ಟಿದ್ದು

ಮೊನ್ನೆ ಮೈಸೂರಿನ ಒಂದು ಸೀರೆ ಅಂಗಡಿಯಲ್ಲಿ ನನ್ನ ಮಾನ ಹೋಯಿತು. ಹೋದದ್ದು ಸೀರೆಗಳ ಮುಂದಲ್ಲ, ಲಿಫ್ಟಿನಲ್ಲಿ. ನಾದಿನಿಯ ಮಗಳ ಮದುವೆಗೆ ಜವಳಿ ತೆಗೆಯಲು ಹೋದವಳು, ಮಂಡಿನೋವಿನ ದೆಸೆಯಿಂದ ಮೆಟ್ಟಿಲು ಬಿಟ್ಟು ಆ ಪೆಟ್ಟಿಗೆಯೊಳಗೆ ಕಾಲಿಟ್ಟೆ. ಮಹಡಿಗಳ ನಡುವೆ ಎಲ್ಲೋ ಅದು ಗಕ್ಕನೆ ನಿಂತಿತು. ದೀಪ ಹೋಯಿತು. ಒಳಗಿದ್ದ ನಾಲ್ಕಾರು ಜನ ಒಬ್ಬರನ್ನೊಬ್ಬರು ತಾಗದಂತೆ ಮರ್ಯಾದೆಯಿಂದ ಸುಮ್ಮನೆ ನಿಂತರು. ನಾನು ಮಾತ್ರ, ಯಾರೂ ಕರೆಯದೆಯೇ, ಮುಚ್ಚಿದ ಬಾಗಿಲ ಕಡೆ ಮುಖ ಎತ್ತಿ, “ಇವ್ನೀ... ಇವ್ನಿ ಕಣಜ್ಜೀ... ಇವ್ನೀ” ಎಂದು ಕೂಗತೊಡಗಿದೆ.

ಕತ್ತಲಲ್ಲಿ ಒಂದು ಮಗು, “ಅಮ್ಮಾ, ಈ ಆಂಟಿ ಯಾರಿಗೆ ಹೇಳ್ತಿದ್ದಾರೆ?” ಎಂದಿತು. “ಶ್, ಸುಮ್ನಿರು” ಎಂದಳು ತಾಯಿ, ಮಗುವನ್ನು ನನ್ನಿಂದ ಸ್ವಲ್ಪ ದೂರಕ್ಕೆ ಎಳೆದುಕೊಳ್ಳುತ್ತ. ಅಷ್ಟರಲ್ಲಿ ಲಿಫ್ಟು ಹೊರಟಿತು, ದೀಪ ಬಂತು. ಎಲ್ಲರೂ ನನ್ನೊಬ್ಬಳನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ನೋಡಿದರು.

‘ಇವ್ನಿ’ ಅಂದರೆ ‘ಇದ್ದೇನೆ’. ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಯಾರಿಗೆ ಹೇಳುತ್ತಿದ್ದೆ ಅಂತ ಆ ಮಗು ಕೇಳಿತಲ್ಲ, ಅದಕ್ಕೆ ಲಿಫ್ಟಿನ ಬಾಗಿಲು ತೆರೆಯುವಷ್ಟರಲ್ಲಿ ಉತ್ತರ ಕೊಡಲು ಆಗುತ್ತಿರಲಿಲ್ಲ. ಈಗ ಪುರುಸೊತ್ತಾಗಿ ಕೂತು ಹೇಳುತ್ತಿದ್ದೇನೆ.

ನನ್ನನ್ನು ಸಾಕಿದವಳು ನನ್ನ ಅಮ್ಮನ ಅಮ್ಮ, ಕೆಂಪಜ್ಜಿ. ಪಾಂಡವಪುರದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರಿಂದ ನನಗೆ ಮಾತು ಬಂದದ್ದೆಲ್ಲ ಅಜ್ಜಿಯಿಂದ ಮತ್ತು ಅವಳ ಜೊತೆ ಜಗುಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ ಮುದುಕಿಯರಿಂದ. ಸ್ಕೂಲಿಗೆ ಸೇರಿದ ಹೊಸದರಲ್ಲಿ ಮೇಷ್ಟ್ರು “ಯಾಕಮ್ಮ ಲೇಟು?” ಎಂದು ಕೇಳಿದರೆ ನಾನು, “ಏನ್ ಮಾಡಾದು ಸಾ, ಮಂಡಿ ಇಡ್ಕಂಡ್ಬುಟ್ಟದೆ, ಎಜ್ಜೆ ಎತ್ತಿ ಇಕ್ಕಕಾಗಕಿಲ್ಲ” ಎಂದಿದ್ದೆನಂತೆ. ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಮೇಷ್ಟ್ರು ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ ಎಲ್ಲರ ಮುಂದೆ ಅದನ್ನು ಇನ್ನೊಮ್ಮೆ ಹೇಳಿಸಿದ್ದರು. ಆಗ ಹೇಳಿದ ಮಂಡಿನೋವು ಈಗ ಬಂದಿದೆ, ಆ ಮಾತು ಬೇರೆ.

ಮಾತಿನ ಜೊತೆಗೆ ಅಜ್ಜಿ ನನಗೆ ಹೆದರುವುದನ್ನೂ ಕಲಿಸಿದಳು. ಅವಳಿಗೆ ದೆವ್ವದ ಹೆದರಿಕೆ ಇರಲಿಲ್ಲ, ಹಾವಿನ ಹೆದರಿಕೆ ಇರಲಿಲ್ಲ. ಅವಳಿಗೆ ಇದ್ದದ್ದು ಒಂದೇ ಹೆದರಿಕೆ: ಕಣ್ಣಿಗೆ ಕಾಣದ ಜಾಗದಲ್ಲಿ ಇರುವವರು ಸುಮ್ಮನಾಗಿಬಿಟ್ಟರೆ! ನಾನು ಬಚ್ಚಲಿಗೆ ಹೋದರೂ ಸರಿ, ಅಟ್ಟ ಹತ್ತಿದರೂ ಸರಿ, ಮಂಚದ ಕೆಳಗೆ ನುಸುಳಿ ಗೋಲಿ ಹುಡುಕಿದರೂ ಸರಿ, ಹೊರಗಿನಿಂದ ಕೂಗು ಬರುತ್ತಿತ್ತು. “ಇದ್ದೀಯೇನಮ್ಮೀ?” ನಾನು ತಕ್ಷಣ “ಇವ್ನಿ” ಅನ್ನಬೇಕು. ಬಾಯಲ್ಲಿ ಕಡಲೆಪುರಿ ತುಂಬಿದ್ದರೂ ಅನ್ನಬೇಕು. ಇದರಿಂದಾಗಿ ಕಣ್ಣಾಮುಚ್ಚಾಲೆ ಆಟದಲ್ಲಿ ನಾನು ಒಂದು ದಿನವೂ ಗೆದ್ದವಳಲ್ಲ. ರಾಗಿ ತುಂಬುವ ದೊಡ್ಡ ಮಡಕೆಯ ಹಿಂದೆ ಯಾರಿಗೂ ಗೊತ್ತಾಗದಂತೆ ಅಡಗಿ ಕೂತಿರುತ್ತಿದ್ದೆ. ಒಳಮನೆಯಿಂದ ಅಜ್ಜಿ ಕೂಗುವಳು. “ಇವ್ನಿ ಕಣಜ್ಜಿ” ಎಂದು ನನ್ನ ಬಾಯಿ ತಾನಾಗಿಯೇ ಹೇಳಿಬಿಡುತ್ತಿತ್ತು. ಹುಡುಗರು ಓಡಿ ಬಂದು ಜುಟ್ಟು ಹಿಡಿಯುತ್ತಿದ್ದರು.

ಈ ಹೆದರಿಕೆಯ ಬೇರು ಇದ್ದದ್ದು ನಾಗಮಂಗಲದ ಕಡೆ, ಅವಳ ತವರಿನಲ್ಲಿ, ಒಂದು ಹಗೇವಿನೊಳಗೆ.

ಹಗೇವು ನೋಡದವರಿಗೆ ಒಂದು ಮಾತು. ರಾಗಿ ಬೆಳೆಯುವ ಬೆದ್ದಲು ಸೀಮೆಯಲ್ಲಿ ಮನೆಯ ಮುಂದೋ ಕಣದ ಪಕ್ಕದಲ್ಲೋ ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಒಂದು ಕೋಣೆಯಷ್ಟು ಅಗಲ. ರಾಗಿ ಸುರಿದು, ಮೇಲೆ ಹುಲ್ಲು ಹಾಸಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಬೀಳುವುದಿಲ್ಲ. ಆದರೆ ಕಾಳಿಗೂ ಉಸಿರಾಟ ಉಂಟಲ್ಲ, ಮುಚ್ಚಿದ ಹಗೇವಿನ ಗಾಳಿಯನ್ನು ಅದು ಕೆಡಿಸಿಟ್ಟಿರುತ್ತದೆ. ಕೆಟ್ಟ ಗಾಳಿ ಭಾರ, ತಳದಲ್ಲಿ ಕೂತಿರುತ್ತದೆ. ಅದಕ್ಕೇ ಚಪ್ಪಡಿ ತೆಗೆದ ತಕ್ಷಣ ಯಾರೂ ಇಳಿಯುವುದಿಲ್ಲ. ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಾರೆ. ದೀಪ ಉರಿದರೆ ಇಳಿಯುತ್ತಾರೆ, ಆರಿದರೆ ಇಲ್ಲ. ಇಳಿದ ಮೇಲೂ ಒಂದು ಕಟ್ಟಳೆ ಇದೆ. ಮೇಲಿನವರು ಕೂಗುತ್ತಿರಬೇಕು, ಒಳಗಿನವರು ಓಗೊಡುತ್ತಿರಬೇಕು.

ಅಜ್ಜಿಗೆ ಸಣ್ಣಯ್ಯ ಅಂತ ಒಬ್ಬ ತಮ್ಮನಿದ್ದ. ಮಹಾ ಕೀಟಲೆ. ಹಗೇವಿಗೆ ಇಳಿದರೆ, ಮೇಲೆ ಹಗ್ಗ ಹಿಡಿದ ಅಕ್ಕ ಕೂಗಿದಾಗ ಬೇಕೆಂದೇ ಸುಮ್ಮನಿದ್ದು, ಅವಳು ಅಳುವ ಹಾಗಾದ ಮೇಲೆ ಕಿಲಕಿಲ ನಗುತ್ತಿದ್ದನಂತೆ. ಒಂದು ಸಲ, ನಿನ್ನೆ ತಾನೆ ಇಳಿದಿದ್ದೆನಲ್ಲ ಎಂಬ ಧೈರ್ಯದಲ್ಲಿ ಲಾಟೀನು ಬಿಡದೆ ಇಳಿದ. ನಡುವೆ ಒಂದು ರಾತ್ರಿ ಚಪ್ಪಡಿ ಮುಚ್ಚಿದ್ದುದನ್ನು ಇಬ್ಬರೂ ಮರೆತಿದ್ದರು. ಅಜ್ಜಿ ಕೂಗಿದಳು. ಅವನು ಸುಮ್ಮನಿದ್ದ.

“ನಗ್ತಾನೆ, ಈಗ ನಗ್ತಾನೆ ಅಂತ ಕಾದೆ ಕಣಮ್ಮಿ” ಎನ್ನುತ್ತಿದ್ದಳು ಅಜ್ಜಿ.

ಕತೆ ಯಾವಾಗಲೂ ಅಲ್ಲಿಗೇ ನಿಲ್ಲುತ್ತಿತ್ತು. ಆಮೇಲೆ ಅವಳು ಎದ್ದು, ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದೆಯೋ ಇಲ್ಲವೋ ನೋಡಲು ಅಡಿಗೆಮನೆಗೆ ಹೋಗುತ್ತಿದ್ದಳು.

ಇಷ್ಟೆಲ್ಲ ಹೆದರಿಕೆ ಉಂಡು ಬೆಳೆದವಳು ದೊಡ್ಡವಳಾಗಿ ಏನಾದೆ ಎಂದರೆ, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅದೂ ಸಾಲದೆಂದು ತೊಂಬತ್ತರ ದಶಕದ ನಡುವೆ ಒಂದು ದಿನ ಟೀವಿಯವರು ಬಂದರು. ಮಕ್ಕಳಿಗಾಗಿ ವಿಜ್ಞಾನದ ಕಾರ್ಯಕ್ರಮ ಮಾಡುತ್ತಾರಂತೆ, ಹಳ್ಳಿಗಳಲ್ಲೇ ಚಿತ್ರೀಕರಣವಂತೆ, ನಡೆಸಿಕೊಡಲು ಒಬ್ಬ ‘ಅಕ್ಕ’ ಬೇಕಂತೆ. ನಿರ್ದೇಶಕ ರಘು ಬೆಂಗಳೂರಿನ ತೆಳ್ಳನೆಯ ಮನುಷ್ಯ, ಊಟಕ್ಕೆ ಕೂತಾಗಲೂ ತಲೆಯ ಟೋಪಿ ತೆಗೆಯದವರು. ಅವರು ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು, ನಾನು ಶ್ವಾಸಕೋಶವನ್ನು ಕಮ್ಮಾರನ ತಿದಿಗೆ ಹೋಲಿಸಿ ಹೇಳಿದ್ದನ್ನು ಕೇಳಿ, “ಮೇಡಂ, ನೀವು ಅಜ್ಜಿ ಥರ ಪಾಠ ಮಾಡ್ತೀರ. ನಮಗೆ ಬೇಕಾಗಿರೋದೇ ಇದು” ಎಂದರು. ಹರೆಯದ ಹೆಂಗಸಿಗೆ ಇದು ಹೊಗಳಿಕೆಯೋ ಏನೋ ತಿಳಿಯದೆ ನಾನು ಒಪ್ಪಿಕೊಂಡೆ.

ಕಾರ್ಯಕ್ರಮದ ಗುರಿ ಮಕ್ಕಳ ಭಯ ಓಡಿಸುವುದು. ಪ್ರತಿ ಕಂತಿನ ಕೊನೆಯಲ್ಲಿ ನಾನು ಕ್ಯಾಮೆರಾ ನೋಡಿ, ನಕ್ಕು, “ಗೊತ್ತಾದ ಮೇಲೆ ಇನ್ನೇನು ಭಯ?” ಎನ್ನಬೇಕು. ಇಡೀ ತಂಡದಲ್ಲಿ ಈ ಮಾತನ್ನು ಹೇಳಲು ನನ್ನಷ್ಟು ಅಯೋಗ್ಯರು ಇನ್ನೊಬ್ಬರಿರಲಿಲ್ಲ. ನನಗೆ ಹಲ್ಲಿಯ ಭಯ, ಗುಡುಗಿನ ಭಯ, ಕ್ಯಾಮೆರಾದ ನೆತ್ತಿಯ ಮೇಲೆ ಹೊತ್ತಿಕೊಳ್ಳುವ ಆ ಕೆಂಪು ಚುಕ್ಕಿಯ ಭಯ. ಹೆದರಿದರೆ ಕೆಲವರು ಕಿರುಚುತ್ತಾರೆ. ನಾನು ಹಾಗಲ್ಲ, ನನಗೆ ಮಾತು ನಿಂತುಹೋಗುತ್ತದೆ. ಶ್ರೀರಂಗಪಟ್ಟಣದಲ್ಲಿ ಹಳೆಯ ಕೋಟೆಯ ಕತ್ತಲಲ್ಲಿ ನಿಂತು ಬಾವಲಿಗಳ ಬಗ್ಗೆ ಹೇಳಬೇಕಾಗಿತ್ತು. ಒಂದು ಬಾವಲಿ ಕಿವಿಯ ಪಕ್ಕದಲ್ಲಿ ಸುಳಿದುಹೋಯಿತು, ಅಷ್ಟೆ. ತೆರೆದ ಬಾಯಿ ತೆರೆದ ಹಾಗೇ ಉಳಿಯಿತು. ಆಮೇಲೆ ಸ್ಟುಡಿಯೋದಲ್ಲಿ ಕೂತು ಆ ಬಾಯಿಗೆ ಮಾತು ತುಂಬಿದೆವು. ಕೆ.ಆರ್. ಪೇಟೆ ಕಡೆಯ ಗೋವಿಂದನಹಳ್ಳಿಯಲ್ಲಿ ಗುಡಿಯ ಕಲ್ಲಿನ ಬಗ್ಗೆ ಹೇಳುತ್ತಿರುವಾಗ ಎಲ್ಲಿಂದಲೋ ಬಂದ ಒಂದು ಜೇನು ನನ್ನ ಮೂಗಿನ ಮೇಲೆ ಕೂತಿತು. ನಾನು ಎಷ್ಟು ಅಲುಗಾಡದೆ ನಿಂತೆನೆಂದರೆ, ರಘು ಟೇಪು ಸಿಕ್ಕಿಕೊಂಡಿತೆಂದು ಯಂತ್ರಕ್ಕೆ ಎರಡು ಏಟು ಹಾಕಿದರು.

ಹೀಗಿರುವಾಗ ಗಾಳಿಯ ಕಂತು ಬಂತು. ಯಾರೋ ಪ್ರೊಫೆಸರು ಬರೆದುಕೊಟ್ಟಿದ್ದು, ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಕವುಚುವುದು. ರಘುಗೆ ಹಿಡಿಸಲಿಲ್ಲ. “ಇದನ್ನ ಎಲ್ಲಾ ಸ್ಕೂಲಲ್ಲೂ ಮಾಡ್ತಾರೆ. ನಿಮ್ಮ ಕಡೆದು ಏನಾದ್ರೂ ಇಲ್ವಾ ಮೇಡಂ?” ಎಂದರು. ನನ್ನ ನಾಲಿಗೆ ನನ್ನನ್ನು ಕೇಳಲಿಲ್ಲ. “ಹಗೇವು ಇದೆ. ನಮ್ಮಜ್ಜಿ ತವರಲ್ಲಿ” ಎಂದುಬಿಟ್ಟಿತು. ಹಗೇವು ಎಂದರೇನೆಂದು ಹೇಳಿದ ಮೇಲೆ ರಘುವಿನ ಕಣ್ಣು ಅರಳಿದವು. “ಲಾಟೀನು ಇಳಿಸ್ತೀವಿ, ಆರತ್ತೆ. ಆಮೇಲೆ ಗಾಳಿಯಾಡಿಸಿ ತಿರುಗಿ ಇಳಿಸ್ತೀವಿ, ಉರಿಯತ್ತೆ. ಆಮೇಲೆ ನೀವು ಇಳೀತೀರ. ಒಳಗಿಂದ ಮಾತಾಡ್ತೀರ!”

ಆ ‘ನೀವು ಇಳೀತೀರ’ ಎಂಬಲ್ಲಿ ನಾನು ಅವರನ್ನು ತಡೆದೆ. ಬೋರೇಗೌಡ ಮಾವ ಇಳಿಯಲಿ ಎಂದೆ. ಅವರು ಅಜ್ಜಿಯ ಇನ್ನೊಬ್ಬ ತಮ್ಮನ ಮಗ, ಆ ಹಗೇವಿನ ಯಜಮಾನರು. ರಘು ಒಪ್ಪಲಿಲ್ಲ. “ಭಯ ಪಡಬೇಡಿ ಅಂತ ಹೇಳೋ ಅಕ್ಕ ಮೇಲೆ ನಿಂತ್ಕೊಂಡು ಬೇರೆಯವರನ್ನ ಇಳಿಸಿದ್ರೆ, ಯಾವ ಮಗು ನಂಬತ್ತೆ ಹೇಳಿ?” ನನ್ನ ಕ್ಲಾಸಿನ ಹುಡುಗಿಯರ ಮುಖಗಳು ನೆನಪಾದವು. ಕಾರ್ಯಕ್ರಮ ಬಂದ ಮಾರನೆಯ ದಿನ ಅವರು ನನ್ನನ್ನು ನೋಡುತ್ತಿದ್ದ ರೀತಿಯೇ ಬೇರೆ. ಒಪ್ಪಿಕೊಂಡೆ.

ಮನೆಗೆ ಬಂದು ಅಜ್ಜಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಅಮ್ಮ ಮುಚ್ಚಿಡು ಎಂದಳು. ಆದರೆ ನಾನು ಆ ದಿನ ಎರಡು ಸಲ ಓಗೊಡಲು ಮರೆತದ್ದರಿಂದ ಅಜ್ಜಿಗೆ ಅನುಮಾನ ಬಂದು, ಕೂರಿಸಿಕೊಂಡು ಬಾಯಿ ಬಿಡಿಸಿದಳು. ಆಮೇಲೆ, “ಯಾವೋನಮ್ಮಿ ಅವ್ನು ಡೈರೆಕ್ಟ್ರು? ಅವ್ನೇ ಇಳೀಲಿ ಅನ್ನು” ಎಂದಳು.

“ಅವರು ಇಳಿದ್ರೆ ಆಗಲ್ಲ ಅಜ್ಜಿ. ನಾನೇ ಇಳೀಬೇಕು.”

“ಅಂಗಾರೆ ನಾನೂ ಬತ್ತೀನಿ. ಅಗ್ಗ ನಾನೇ ಇಡ್ಕತೀನಿ.”

ಹೋದದ್ದು ಟೀವಿಯವರ ವ್ಯಾನಿನಲ್ಲಿ. ಅಜ್ಜಿ ಮಡಿಲಲ್ಲಿ ತನ್ನದೇ ಲಾಟೀನನ್ನು ಟವೆಲಿನಲ್ಲಿ ಸುತ್ತಿ ಇಟ್ಟುಕೊಂಡು, ಪಕ್ಕದ ಸೀಟಿನ ಕ್ಯಾಮೆರಾ ಪೆಟ್ಟಿಗೆಯನ್ನು ಕಳ್ಳನನ್ನು ನೋಡುವ ಹಾಗೆ ನೋಡುತ್ತ ಕೂತಿದ್ದಳು. ಗದ್ದೆ ಕಬ್ಬು ಹಿಂದೆ ಸರಿದು, ತೆಂಗು ಮತ್ತು ಹುರುಳಿ ಹೊಲಗಳು ಬಂದವು. ನಾಗಮಂಗಲ ದಾಟಿದ ಮೇಲೆ ಅವಳು ಒಂದು ಮಾತೂ ಆಡಲಿಲ್ಲ. ಅವಳು ಮಾತಾಡದೆ ಇದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಬೋರೇಗೌಡ ಮಾವನ ಮನೆ ಮುಂದೆ ವ್ಯಾನು ನಿಂತಾಗ ರಘು ಇಳಿದವರು ಹಾಗೇ ನಿಂತುಬಿಟ್ಟರು. ಹಗೇವಿನ ಸುತ್ತ ಸಗಣಿ ಸಾರಿಸಿತ್ತು. ಸಾರಿಸಿದ ನೆಲದ ಮೇಲೆ ರಂಗೋಲಿ. ಚಪ್ಪಡಿಯನ್ನು ತೊಳೆದು ಗೋಡೆಗೆ ಒರಗಿಸಿತ್ತು. ಬಾಯಿ ತೆರೆದ ಹಗೇವಿನೊಳಗಿಂದ ಬೇವಿನ ಹೊಗೆಯ ವಾಸನೆ ಇನ್ನೂ ಬರುತ್ತಿತ್ತು. ಮಾವ ಹೊಸ ಪಂಚೆ ಉಟ್ಟು ಕೈ ಮುಗಿದರು.

“ಯಾವಾಗ ತೆಗೆದ್ರಿ ಇದನ್ನ?” ರಘುವಿನ ಧ್ವನಿ ಸಣ್ಣದಾಗಿತ್ತು.

“ಮೊನ್ನೇನೇ ತೆಗೆದ್ಬುಟ್ಟೊ ಸಾ. ಆಳು ಇಳ್ಸಿ ಗುಡ್ಸಿ, ಗಾಳಿ ಆಡ್ಸಿ, ಒಗೆ ಆಕ್ಸಿ... ಟೀವಿಯೋರು ಬತ್ತಾರೆ, ಇಡೀ ರಾಜ್ಯ ನೋಡ್ತದೆ, ಅಂಗೇ ಕೊಳಕು ತೋರ್ಸಕಾಯ್ತದಾ? ತಳದಲ್ಲಿ ಒಸಿ ರಾಗಿ ಬುಟ್ಟಿವ್ನಿ, ಅಂದವಾಗಿರ್ಲಿ ಅಂತ.”

ಲಾಟೀನು ಇಳಿಸಿ ನೋಡಿದರು. ಅದು ತಳದಲ್ಲಿ ಗರ್ಭಗುಡಿಯ ನಂದಾದೀಪದ ಹಾಗೆ ನಿಶ್ಚಿಂತೆಯಾಗಿ ಉರಿಯಿತು. ರಘು ತಲೆಯ ಮೇಲೆ ಕೈ ಹೊತ್ತು, “ಆರಬೇಕಾಗಿತ್ತು ಸಾರ್! ದೀಪ ಆರಬೇಕಾಗಿತ್ತು!” ಎಂದು ಅರಚಿದರು.

ಮಾವನ ಮುಖ ಕಪ್ಪಾಯಿತು. “ಏನ್ ಸಾ, ಮನೆ ಮುಂದೆ ನಿಂತ್ಕಂಡು ದೀಪ ಆರ್ಲಿ ಅಂತೀರಲ್ಲ” ಎಂದರು. ಅವರ ಹೆಂಡತಿ ಜಯಮ್ಮತ್ತೆ ಒಳಗೆ ಓಡಿದರು. ದೇವರ ಮುಂದೆ ಹೊಸದಾಗಿ ಬತ್ತಿ ಹಾಕಿದ ಎಣ್ಣೆಯ ವಾಸನೆ ಹೊರಗಿನವರೆಗೆ ಬಂತು.

ಆರುವ ದೀಪ ಎಲ್ಲಿಂದ ತರುವುದು? ಇಲ್ಲಿ ನನ್ನ ವಿಜ್ಞಾನ ಸ್ವಲ್ಪ ಕೆಲಸಕ್ಕೆ ಬಂತು. ಒಂದು ದೊಡ್ಡ ಮಣ್ಣಿನ ಗುಡಾಣ ತಂದು, ತಳದಲ್ಲಿ ಅಡಿಗೆ ಸೋಡಾ ಹಾಕಿ, ನಿಂಬೆರಸ ಹಿಂಡಿದರೆ ಹಗೇವಿನ ಕೆಟ್ಟ ಗಾಳಿಯೇ ಅದರೊಳಗೂ ತುಂಬಿಕೊಳ್ಳುತ್ತದೆ. ಅದರೊಳಗೆ ದೀಪ ಇಳಿಸಿದರೆ ಆರುತ್ತದೆ. ರಘುಗೆ ಜೀವ ಬಂತು. “ನಿಂಬೆಹಣ್ಣು ಬೇಕು! ಎಷ್ಟಿದ್ರೆ ಅಷ್ಟು!” ಎಂದು ಕೂಗಿದರು.

ಊರಿನ ಅರ್ಧ ಜನ ಅಲ್ಲೇ ಸೇರಿದ್ದರು. ಈ ಮಾತಿಗೆ ಅವರು ಒಂದು ಹೆಜ್ಜೆ ಹಿಂದೆ ಸರಿದರು. ಹಗೇವಿನ ಬಾಯಿ, ಗುಡಾಣ, ಕುಯ್ದ ನಿಂಬೆಹಣ್ಣು, ಆರಿಸಲಿಕ್ಕೆಂದೇ ಹಚ್ಚಿದ ದೀಪ. ಒಬ್ಬ ಯಜಮಾನರು ಗಂಟಲು ಸರಿಮಾಡಿಕೊಂಡು, “ಕುಂಕುಮ ಬ್ಯಾಡ್ವಾ ಸಾ? ಕೋಳಿಗೀಳಿ?” ಎಂದು ಕೇಳಿದರು. ತಾಯಂದಿರು ಮಕ್ಕಳನ್ನು ಸೆರಗಿನ ಹಿಂದೆ ಎಳೆದುಕೊಂಡರು. ಭಯ ಓಡಿಸಲು ಬಂದ ನಾವು, ಆ ಊರಿನಲ್ಲಿ ಅಲ್ಲಿಯವರೆಗೆ ಇಲ್ಲದೆ ಇದ್ದ ಒಂದು ಭಯವನ್ನು ಹಗಲು ಹೊತ್ತಿನಲ್ಲೇ ಹುಟ್ಟಿಸಿದ್ದೆವು. ರಘು ಇಂಗಾಲದ ಡೈಆಕ್ಸೈಡಿನ ಬಗ್ಗೆ ಭಾಷಣ ಮಾಡಿದರು. ಜನ ಗೌರವದಿಂದ ಕೇಳಿದರು, ಹತ್ತಿರ ಮಾತ್ರ ಬರಲಿಲ್ಲ.

ಗುಡಾಣದಲ್ಲಿ ದೀಪ ಆರಿತು. ಅದನ್ನು ಕ್ಯಾಮೆರಾ ನುಂಗಿಕೊಂಡಿತು. ಇನ್ನು ನನ್ನ ಸರದಿ.

ಅಜ್ಜಿ ಅಲ್ಲಿಯವರೆಗೆ ಈ ಗದ್ದಲದ ಕಡೆ ತಿರುಗಿಯೂ ನೋಡಿರಲಿಲ್ಲ. ಹತ್ತಿರದಲ್ಲೇ ಒಂದು ಹೊಂಗೆಮರ ಇತ್ತು. ಸಣ್ಣಯ್ಯ ಇಳಿದ ಹಗೇವು ಇದಲ್ಲ, ಅದನ್ನು ಆ ಕಾಲದಲ್ಲೇ ಮಣ್ಣು ತುಂಬಿ ಮುಚ್ಚಿದ್ದರಂತೆ, ಅದರ ಮೇಲೆ ಬೆಳೆದ ಮರ. ಅವಳು ಆ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ನಾನು ಸೆರಗು ಸಿಕ್ಕಿಸಿಕೊಂಡು ನಿಂತಾಗ ಎದ್ದು ಬಂದು, ನನ್ನ ಸೊಂಟಕ್ಕೆ ಹಗ್ಗ ಬಿಗಿದಳು. ಗಂಟು ಎಳೆದು ನೋಡಿದಳು. ಸಮಾಧಾನವಾಗದೆ ಬಿಚ್ಚಿ ಇನ್ನೊಮ್ಮೆ ಹಾಕಿದಳು. ಹಗ್ಗದ ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡಳು. ಅವಳ ಹಿಂದೆ ಬೋರೇಗೌಡ ಮಾವ ಹಗ್ಗ ಹಿಡಿದು ನಿಂತರು.

ಸೌಂಡಿನವರು ರಘುವಿನ ಕಿವಿಯಲ್ಲಿ ಏನೋ ಹೇಳಿದರು. ರಘು ಬಂದು, “ಅಜ್ಜಿ, ಮೇಡಂ ಒಳಗಿಂದ ಮಾತಾಡುವಾಗ ನೀವು ಕೂಗಬಾರದು. ಮೈಕಿಗೆ ಕೇಳಿಬಿಡತ್ತೆ” ಎಂದರು.

“ಕೂಗ್ದೆ ಇದ್ರೆ ಅವ್ಳು ಎಂಗವ್ಳೆ ಅಂತ ಎಂಗಪ್ಪ ಗೊತ್ತಾಗಾದು?”

“ಅವರು ಮಾತಾಡ್ತಾನೇ ಇರ್ತಾರಲ್ಲಜ್ಜಿ. ಅದೇ ಓಗೊಟ್ಟ ಹಾಗೆ.”

ಅಜ್ಜಿ ಯೋಚಿಸಿದಳು. ಮಾತಿನಲ್ಲಿ ತಪ್ಪು ಕಾಣಲಿಲ್ಲ. ನನ್ನ ಗಲ್ಲ ಹಿಡಿದು, “ಮಾತು ಮಾತ್ರ ನಿಲ್ಲಿಸ್ಬ್ಯಾಡ ಕಣಮ್ಮಿ” ಎಂದಳು.

ಇಳಿದೆ. ಮೊದಲು ಕಾಲಿಗೆ ತಣ್ಣಗಾಯಿತು, ಆಮೇಲೆ ಎದೆಗೆ. ಬಾಯಿ ದಾಟಿದೊಡನೆ ಗೋಡೆ ಕೈಗೆ ಸಿಗದಷ್ಟು ದೂರ ಸರಿಯಿತು. ಸಣ್ಣ ಏಣಿಯ ಕೊನೆಯ ಮೆಟ್ಟಿಲು ಬಿಟ್ಟಾಗ ಪಾದ ರಾಗಿಯೊಳಗೆ ಹೂತುಕೊಂಡಿತು. ಕಾಳು ಬೆರಳ ಸಂದಿಯಲ್ಲಿ ಸರಿದಾಡುವುದು ಯಾರೋ ಕೆಳಗಿನಿಂದ ಮೆಲ್ಲಗೆ ಮುಟ್ಟಿದ ಹಾಗೆ ಇತ್ತು. ಲಾಟೀನು ಪಕ್ಕದಲ್ಲಿ ಚೆನ್ನಾಗಿಯೇ ಉರಿಯುತ್ತಿತ್ತು. ಅದು ಉರಿಯುತ್ತಿದೆ ಎಂದರೆ ಗಾಳಿ ಇದೆ, ಗಾಳಿ ಇದೆ ಎಂದರೆ ನಾನಿದ್ದೇನೆ. ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟ ಪಾಠ. ತಲೆಗೆ ಗೊತ್ತಿತ್ತು. ಹೊಟ್ಟೆಗೆ ಯಾರೂ ಹೇಳಿರಲಿಲ್ಲ.

ಮೇಲೆ ನೋಡಿದೆ. ತಟ್ಟೆಯಷ್ಟು ಆಕಾಶ, ಅದರ ಅಂಚಿನಲ್ಲಿ ಕ್ಯಾಮೆರಾದ ಕಪ್ಪು ಕಣ್ಣು. ಬಿಳಿಯ ಥರ್ಮಾಕೋಲ್ ಹಲಗೆ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದ್ದರು. ಆ ಬೆಳಕು ನನ್ನ ಮುಖದ ಮೇಲೆ ಬಿದ್ದಿತ್ತು. ಮೈಕು ಹಾವಿನ ಹೆಡೆಯಂತೆ ತೂಗಾಡುತ್ತಿತ್ತು.

“ಸೈಲೆನ್ಸ್!” ಎಂದರು ರಘು. “ಎಲ್ಲಾ ಸುಮ್ನಿರಿ!”

ಊರು ಸುಮ್ಮನಾಯಿತು. ಹೆಂಗಸರು, ಹುಡುಗರು, ಕೋಳಿಗಳು ಕೂಡ. ನಾನು ಹುಟ್ಟಿದಾಗಿನಿಂದ ಅಂಥ ಮೌನ ಕೇಳಿರಲಿಲ್ಲ. ಅಜ್ಜಿ ಕೇಳಲು ಬಿಟ್ಟೇ ಇರಲಿಲ್ಲ. ಸಣ್ಣಯ್ಯ ಕೊನೆಗೆ ಕೇಳಿದ್ದು ಇದನ್ನೇ ಇರಬೇಕು ಎಂದು ಒಂದು ಯೋಚನೆ ಬಂತು. ಬರಬಾರದಿತ್ತು. ಅದೇ ಹೊತ್ತಿಗೆ ಮೇಲೆ ಮೋಡ ಅಡ್ಡ ಬಂದು, ಮುಖದ ಮೇಲಿನ ಬೆಳಕು ಕಳಚಿ ಬಿತ್ತು.

“ಮಕ್ಕಳೇ, ನಾನೀಗ ಹಗೇವಿನೊಳಗಿದ್ದೇನೆ” ಎನ್ನಬೇಕು. ಅಷ್ಟೇ. ಬಾಯಿ ತೆರೆದೆ. ಬಾವಲಿಯ ಮುಂದೆ ತೆರೆದ ಹಾಗೆ ತೆರೆದೇ ಇತ್ತು, ಮಾತಿಲ್ಲ. ಉಸಿರನ್ನು ಒಳಗೆ ಎಳೆದುಕೊಂಡಿದ್ದೆ, ಅದು ಹೊರಗೆ ಬರಲೊಲ್ಲದು. ದೀಪ ಉರಿಯುತ್ತಿದೆ, ದೀಪ ಉರಿಯುತ್ತಿದೆ ಎಂದು ಮನಸ್ಸು ಹೇಳಿಕೊಳ್ಳುತ್ತಿತ್ತು. ಎದೆ ಕೇಳುತ್ತಿರಲಿಲ್ಲ. ಮೇಲೆ ರಘು, ನಾನು ಪರಿಣಾಮಕ್ಕಾಗಿ ತಡೆದಿದ್ದೇನೆಂದು ತಿಳಿದು, ಕೈ ಎತ್ತಿ ಎಲ್ಲರನ್ನೂ ಇನ್ನಷ್ಟು ಸುಮ್ಮನಿರಿಸಿದರಂತೆ. ಮೌನ ಬೆಳೆಯಿತು.

ಆಗ ಒಂದು ಕೂಗು ಬಿತ್ತು. ಅಜ್ಜಿಯದೇ ಧ್ವನಿ, ಆದರೆ ಅಜ್ಜಿಯದಲ್ಲ. ತೆಳ್ಳಗೆ, ಎಳೆಯದಾಗಿ, ಲಂಗ ಉಡುವ ಹುಡುಗಿಯೊಬ್ಬಳು ಕೂಗಿದ ಹಾಗೆ.

“ಸಣ್ಣಯ್ಯಾ! ಇದ್ದೀಯೇನ್ಲಾ? ಲೇ ಸಣ್ಣಯ್ಯಾ, ನಗ್ಲಾ!”

“ಇವ್ನೀ!” ಎಂದು ಯಾರೋ ಕಿರುಚಿದರು. ನಾನೇ. ಅಷ್ಟರಲ್ಲಿ ಹಗ್ಗ ಜಗ್ಗಿ ಸೊಂಟ ಕತ್ತರಿಸಿದಂತಾಯಿತು. ಕಾಲು ತಾಗಿ ಲಾಟೀನು ಉರುಳಿ ಆರಿಹೋಯಿತು. ಕತ್ತಲಲ್ಲಿ ಮೊಣಕೈ ತರಚಿ, ಏಣಿಗೆ ಮುಖ ಬಡಿದು, ನಾನು ಬಾವಿಯ ಬಿಂದಿಗೆಯ ಹಾಗೆ ಮೇಲೆ ಬಂದು ರಂಗೋಲಿಯ ಮೇಲೆ ಬಿದ್ದೆ.

ಅಜ್ಜಿ ಮೊದಲು ಮಾಡಿದ ಕೆಲಸ, ನನ್ನ ಮೂಗಿನ ಕೆಳಗೆ ಅಂಗೈ ಇಟ್ಟದ್ದು. ಉಸಿರು ತಾಗಿತು. ಇನ್ನೂ ಇಟ್ಟೇ ಇದ್ದಳು. ಆಮೇಲೆ ಅದೇ ಕೈಯಿಂದ ಫಳೀರೆಂದು ಕೆನ್ನೆಗೆ ಒಂದು ಕೊಟ್ಟಳು.

“ಯಾಕಮ್ಮಿ ಸುಮ್ಕಾದೆ?”

“ಮಾತು... ಮರೆತೋಯ್ತು ಅಜ್ಜಿ.”

ಜನ ಗೊಳ್ಳೆಂದು ನಕ್ಕರು. ಹೆದರಿಕೆ ಕಳೆದ ನಗು, ನಿಲ್ಲುವಂಥದ್ದಲ್ಲ. ಅಜ್ಜಿ ನಗಲಿಲ್ಲ. ಹಗ್ಗ ಸುತ್ತಿದ ಅವಳ ಮುಂಗೈ ಕೆಂಪಗೆ ಬಾತಿತ್ತು. ಬೋರೇಗೌಡ ಮಾವ ಅಲ್ಲಿ ಎಣ್ಣೆ ಸವರಲು ಹೋದರೆ ಕೈ ಕಿತ್ತುಕೊಂಡಳು. ರಘು ಟೋಪಿ ತೆಗೆದರು. ಅವರ ತಲೆ ನಾನು ನೋಡಿದ್ದು ಅದೇ ಮೊದಲು, ಪಾಪ, ಕೂದಲ ಗದ್ದೆ ಬಟ್ಟಬಯಲಾಗಿತ್ತು. “ಸಾಕು. ಈ ಭಾಗ ಬೇಡ. ಗುಡಾಣದಷ್ಟೇ ಇಟ್ಕೊಳ್ಳೋಣ” ಎಂದರು ಮೆಲ್ಲಗೆ.

ನನಗೆ ಎಷ್ಟು ಹಾಯೆನಿಸಿತೆಂದರೆ ಅಳು ಬಂತು. ಆದರೆ ಅಜ್ಜಿ ತನ್ನ ಲಾಟೀನಿನ ಗಾಜು ಒರೆಸುತ್ತ, “ತಿರ್ಗ ಇಳಿ” ಎಂದಳು.

“ಏನತ್ಯಮ್ಮ ನೀನು!” ಎಂದರು ಮಾವ. “ಬುಡತ್ಲಾಗೆ, ಮಗ ಎದ್ರವ್ಳೆ.”

“ಎದ್ರವ್ಳೆ ಅಂತ್ಲೇ ಅನ್ನಾದು. ನಿನ್ ಕಾಲಲ್ಲೇ ಇಳ್ದು, ನಿನ್ ಕಾಲಲ್ಲೇ ಅತ್ಕಂಡು ಬಾ ಅಮ್ಮಿ. ಈಗ ಎಳ್ದಾಕಿವ್ನಿ, ಅಷ್ಟೆ. ನೀನಾಗಿ ಅತ್ಕಂಡು ಬರ್ದಿದ್ರೆ ಜಲ್ಮಪೂರ್ತಿ ಅದರ ಬಾಯಲ್ಲೇ ಕುಂತಿರ್ತೀಯ. ನನ್ನಂಗೆ.” ಆಮೇಲೆ ರಘುವಿನ ಕಡೆ ತಿರುಗಿ, “ಈ ಸಲ ನಾನು ಕೂಗೋಳೇಯ. ನಿನ್ ಯಂತ್ರ ಏನಾರಾ ಮಾಡ್ಕಳಪ್ಪ” ಎಂದಳು.

ರಘು ಟೋಪಿ ಹಾಕಿಕೊಂಡು ತಲೆ ಆಡಿಸಿದರು.

ಅದೇ ಲಾಟೀನು ಹಚ್ಚಿ ಇಳಿಬಿಟ್ಟು, ಉರಿಯುವುದನ್ನು ನೋಡಿ, ತಿರುಗಿ ಇಳಿದೆ. ಭಯ ಕಮ್ಮಿಯಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಜಾಸ್ತಿಯೇ ಆಗಿತ್ತು. ಆದರೆ ಈ ಸಲ ಮೌನ ಇರಲಿಲ್ಲ.

“ಮಕ್ಕಳೇ, ನಾನೀಗ ಹಗೇವಿನೊಳಗಿದ್ದೇನೆ.”

“ಇದ್ದೀಯೇನಮ್ಮೀ?”

“ಇವ್ನಿ ಕಣಜ್ಜಿ. ಮಕ್ಕಳೇ, ಇಂಗಾಲದ ಡೈಆಕ್ಸೈಡ್ ನಾವು ಉಸಿರಾಡುವ ಗಾಳಿಗಿಂತ ಭಾರ.”

“ಅಮ್ಮೀ?”

“ಇವ್ನಿ. ಆದ್ದರಿಂದ ಅದು ತಳದಲ್ಲಿ ಸೇರಿಕೊಳ್ಳುತ್ತದೆ. ದೀಪ ಆರಿದರೆ ನಾವು ಇಳಿಯಬಾರದು...”

“ದೀಪ ಉರೀತಾ ಅದಾ?”

“ಉರೀತಾ ಅದೆ ಅಜ್ಜಿ. ನೋಡಿ ಮಕ್ಕಳೇ, ದೀಪ ಉರಿಯುತ್ತಿದೆ.”

ಕೊನೆಗೆ ಮುಷ್ಟಿ ತುಂಬ ರಾಗಿ ಎತ್ತಿ, ಕ್ಯಾಮೆರಾದ ಕಡೆ ನೋಡಿ, ನಗುವಿಗೆ ಹತ್ತಿರದ ಏನೋ ಒಂದನ್ನು ಮುಖಕ್ಕೆ ತಂದುಕೊಂಡು, “ಗೊತ್ತಾದ ಮೇಲೆ ಇನ್ನೇನು ಭಯ?” ಎಂದೆ. ಮೇಲಿನಿಂದ ಅಜ್ಜಿ, “ಭಯ ಇರ್ಲಿ ಬುಡಮ್ಮಿ. ನೀನು ಮೇಲುಕ್ಕೆ ಬಾ” ಎಂದಳು. ನನ್ನ ಕಾಲಲ್ಲೇ ಹತ್ತಿ ಬಂದೆ. ಅಜ್ಜಿ ಅಂಗೈ ಮೂಗಿನ ಕೆಳಗೆ ಇಟ್ಟಳು, ಈ ಸಲ ಹೊಡೆಯಲಿಲ್ಲ.

ಆ ಕಂತು ಬಂದದ್ದು ಕೆಲವು ತಿಂಗಳ ಮೇಲೆ, ಒಂದು ಭಾನುವಾರದ ಬೆಳಿಗ್ಗೆ. ನಮ್ಮ ಮನೆಯ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀದಿಯ ಮಕ್ಕಳೆಲ್ಲ ನೆಲದ ಮೇಲೆ. ಅಜ್ಜಿ ಟೀವಿಯ ಮುಂದೆ ಚಾಪೆ ಹಾಸಿಕೊಂಡು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಗುಡಾಣದ ದೀಪ ಆರಿದಾಗ ಮಕ್ಕಳು ಓಹೋ ಎಂದರು. ಆಮೇಲೆ ಪರದೆಯ ಮೇಲೆ ನಾನು ಹಗೇವಿನ ಬಾಯೊಳಗೆ ಕಾಲಿಟ್ಟೆ. ಹಿನ್ನೆಲೆಯಲ್ಲಿ ಕೊಳಲು. ಅಜ್ಜಿಯ ಕೂಗುಗಳನ್ನೆಲ್ಲ ಅವರು ಕತ್ತರಿಸಿ ತೆಗೆದಿದ್ದರು. ಆದರೆ ಮೊದಲ ಸಲದ ಆ ಮೌನ ರಘುಗೆ ಮೆಚ್ಚಿಗೆಯಾಗಿತ್ತೇನೋ, ಅದನ್ನು ಬಿಟ್ಟಿದ್ದರು. ಕೊಳಲು ನಿಂತಿತು. ಬೆಳಕು ಕಳಚಿತು. ಪರದೆಯ ಕತ್ತಲಲ್ಲಿ ನನ್ನ ಮುಖ, ತೆರೆದ ಬಾಯಿ.

ಮಕ್ಕಳು ಉಸಿರು ಬಿಗಿಹಿಡಿದರು. ಅಜ್ಜಿಯ ಕೈ ನನ್ನ ಮುಂಗೈಯನ್ನು ಹಿಡಿದುಕೊಂಡಿತು, ಬಳೆ ಮಾಂಸಕ್ಕೆ ಒತ್ತುವ ಹಾಗೆ. ಅವಳು ಟೀವಿಯ ಕಡೆ ಬಾಗಿ ಕೂಗಿದಳು.

“ಇದ್ದೀಯೇನಮ್ಮೀ?”

“ಇವ್ನಿ ಕಣಜ್ಜಿ” ಎಂದೆ, ಅವಳ ಪಕ್ಕದಲ್ಲೇ ಕೂತು, ಅವಳ ಕೈಯೊಳಗೆ ಕೈ ಇಟ್ಟುಕೊಂಡು.

ಅಜ್ಜಿ ನನ್ನ ಕಡೆ ತಿರುಗಲಿಲ್ಲ. ಪರದೆಯ ಮೇಲಿನ ಕತ್ತಲಿನಿಂದ ಕಣ್ಣು ಕೀಳದೆ ಅಂದಳು:

“ನೀನ್ ಸುಮ್ಕಿರಮ್ಮಿ. ಒಳ್ಗವ್ಳಲ್ಲ, ಅವ್ಳು ಅನ್ಲಿ.”

ನಾನೂ ಅವಳ ಜೊತೆ, ಉಸಿರು ಹಿಡಿದು, ಕಾದೆ.